ಕುರಿಮರಿ ಜೀಪಿನ ಕೆಂಪಕ್ಕ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದುಬಿಡುತ್ತವೆ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ತಾವರೆಕೆರೆ ಗ್ರಂಥಾಲಯದ ಯಶೋದ ಮೇಡಂ, ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡು, ಗೋಡೆಪತ್ರಿಕೆಗೆ ಹಾಕುತ್ತೇನೆ ಎಂದರು. ಜೀಪಿನ ಸೀಟಿನಲ್ಲಿ ಕೂತು ಮೊದಲು ಪೆನ್ಸಿಲಿನಲ್ಲಿ ಬರೆದೆ, ಆಮೇಲೆ ಪೆನ್ನಿನಲ್ಲಿ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನಗೆ ಚೆನ್ನಾಗಿ ಗೊತ್ತಿರುವವಳು ನನ್ನ ದೊಡ್ಡಮ್ಮ ಕೆಂಪಕ್ಕ, ನಾನು ಅವಳ ಜೊತೆಗೇ ಇರುತ್ತೇನೆ. ಅವಳ ಗಂಡ ಕಾಟಪ್ಪ ದೊಡ್ಡಪ್ಪ ನೂರಾ ನಲವತ್ತು ಕುರಿಗಳನ್ನು ಮೇಯಿಸಿಕೊಂಡು ಊರೂರು ಹೋಗುತ್ತಾನೆ. ರೈತರು ಗೊಬ್ಬರಕ್ಕಾಗಿ ಮಂದೆಯನ್ನು ತಮ್ಮ ಹೊಲದಲ್ಲಿ ಎರಡು ಮೂರು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಆಮೇಲೆ ಮುಂದಿನ ಹೊಲ. ದೊಡ್ಡ ಕುರಿಗಳು ನಡೆಯುತ್ತವೆ, ಎಳೆ ಮರಿಗಳು ನಡೆಯಲಾರವು. ಮೊದಲು ದೊಡ್ಡಮ್ಮ ಅವನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಹರಾಜಿನಲ್ಲಿ ಒಂದು ಹಳೆಯ ಫೋರ್ ವೀಲ್ ಜೀಪು ಹಿಡಿದಳು. ನಲವತ್ತೆರಡನೇ ವಯಸ್ಸಿನಲ್ಲಿ, ಒಣಗಿದ ಕೆರೆಯಂಗಳದಲ್ಲಿ ಓಡಿಸುವುದು ಕಲಿತಳು. ಈಗ ಅದಕ್ಕೆ ಎಲ್ಲರೂ ಮರಿ ಜೀಪು ಎನ್ನುತ್ತಾರೆ. ಅವಳು ಹಾರ್ನ್ ಮಾತ್ರ ಹೊಡೆಯುವುದಿಲ್ಲ, ಮರಿಗಳು ಬೆಚ್ಚುತ್ತವೆ ಎಂದು.

ಹೋದ ವಾರ ಮಂದೆ ಒಂದು ಗುಡ್ಡದ ಆಚೆ ತಿಮ್ಮರಾಯಪ್ಪ ಎಂಬ ರೈತರ ಹೊಲಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಮರಿಗಳಿಗೆ ಹಾಲು ಕುಡಿಸಿ ದೊಡ್ಡಪ್ಪ ಕುರಿ ಹೊಡೆದುಕೊಂಡು ಹೊರಟ. ಇಪ್ಪತ್ತಾರು ಮರಿಗಳು ಜೀಪಿಗೆ ಬಂದವು. ನಾನು ಎರಡು ಸಲ ಎಣಿಸಿದೆ. ಎಲ್ಲಕ್ಕಿಂತ ಚಿಕ್ಕದು ಎರಡು ದಿನದ್ದು, ಅದು ನನ್ನ ಮಡಿಲಲ್ಲಿತ್ತು.

ಕಲ್ಲಿನ ಹಳ್ಳ ದಾಟಿ ಮೇಲೆ ಹತ್ತುವಾಗ ಮುಂದೆ ಎಡಗಡೆ ಟಣ್ ಎಂದು ಸದ್ದಾಯಿತು. ಜೀಪು ಎಡಕ್ಕೆ ಎಳೆದು ನಿಂತಿತು. ಇಳಿದು ನೋಡಿದರೆ ಚಕ್ರ ಹಿಂದಕ್ಕೆ ಸರಿದು ಮಡ್‌ಗಾರ್ಡಿಗೆ ತಾಗಿತ್ತು.

"ಕಾಲು ಮುರ್ಕೊಂಬುಡ್ತು ಕಣೇ ಗಂಗಿ," ಎಂದಳು ದೊಡ್ಡಮ್ಮ.

ಮುರಿದದ್ದು ಲೋವರ್ ಆರ್ಮ್. ಚಕ್ರವನ್ನು ಚಾಸಿಗೆ, ಅಂದರೆ ಜೀಪಿನ ತಳದ ಚೌಕಟ್ಟಿಗೆ, ಹಿಡಿದಿಡುವ ಕಬ್ಬಿಣದ ತೋಳು ಅದು. ಅದು ಚಾಸಿಗೆ ಸೇರುವ ಕಡೆ ಎರಡು ಬಳೆಗಳಿರುತ್ತವೆ, ಬಳೆಯೊಳಗೆ ಬುಷ್ ಎಂಬ ರಬ್ಬರ್ ಇರುತ್ತದೆ. ಒಂದು ಬಳೆ ಸೀಳಿಹೋಗಿತ್ತು.

ಆಗ ಹನ್ನೊಂದು ಗಂಟೆ. ಸಂಜೆಯೊಳಗೆ ಮರಿಗಳು ತಾಯಂದಿರ ಹತ್ತಿರ ಹೋಗಲೇಬೇಕಿತ್ತು. ಎಳೆಯವಕ್ಕೆ ಹಾಲು ಬಿಟ್ಟು ಬೇರೆ ಏನೂ ಇಲ್ಲ. ಕತ್ತಲಾದರೂ ಮರಿ ಬಾರದಿದ್ದರೆ ತಾಯಿ ಕುರಿಗಳು ಹೊಸ ಹೊಲದಲ್ಲಿ ನಿಲ್ಲುವುದಿಲ್ಲ, ಹಳೆಯ ಜಾಗಕ್ಕೆ ಓಡುತ್ತವೆ. ಗುಡ್ಡದಲ್ಲಿ ಚಿರತೆ ಇದೆ.

ದೊಡ್ಡಮ್ಮ ಶಿರಾದ ಮೆಕ್ಯಾನಿಕ್ ಲಿಯಾಕತ್ ಅಲಿಯವರಿಗೆ ಫೋನ್ ಮಾಡಿದಳು. ಅವರು ಫೋಟೋ ಕೇಳಿದರು. ನಾನು ಐದು ತೆಗೆದು ಕಳಿಸಿದೆ.

"ಅಣ್ಣ, ತಾವರೆಕೆರೇಲಿ ವೆಲ್ಡಿಂಗ್ ಅಂಗಡಿ ಐತೆ. ಬಿಚ್ಕೊಡು ಸಾಕು, ಒಂದು ಟಾಕಿ ಹಾಕಿಸ್ಕಂಡು ಹೊಂಟೋಗ್ತೀನಿ," ಎಂದಳು ದೊಡ್ಡಮ್ಮ.

"ಬಿಲ್ಕುಲ್ ಬ್ಯಾಡ. ಗೇಟಿಗೆ ಹಾಕ್ಸು ವೆಲ್ಡಿಂಗು, ಮಂಚಕ್ಕೆ ಹಾಕ್ಸು. ಚಕ್ರ ಹಿಡಿಯೋ ಕಬ್ಬಿಣಕ್ಕೆ ಹಾಕ್ಸಿದ್ರೆ ನೀನು, ಮರಿ, ಆ ಹುಡುಗಿ, ಎಲ್ಲಾ ಒಟ್ಟಿಗೇ ಹಳ್ಳಕ್ಕೆ. ನಮ್ಮ ಶೆಡ್ಡಲ್ಲಿ ಇಂಥದೇ ಬಿಚ್ಚಿದ ಗಾಡಿ ಐತೆ. ಅದರ ಆರ್ಮಿಗೆ ಹೊಸ ಬುಷ್ ಕೂರಿಸ್ಕೊಂಡು ಬರ್ತೀನಿ. ಅಲ್ಲೇ ಇರಿ."

ನಾವು ಮರಿಗಳನ್ನು ಇಳಿಸಿ ಜಾಲಿಮರದ ನೆರಳಿನಲ್ಲಿ ಸುತ್ತ ಬಲೆ ಕಟ್ಟಿ ಬಿಟ್ಟೆವು. ಲಿಯಾಕತ್ ಅವರು ಬರುವಾಗ ಎರಡು ಗಂಟೆಯಾಗಿತ್ತು. ಮೊಪೆಡ್ಡಿನ ಹಿಂದೆ ಆರ್ಮನ್ನು ಟ್ಯೂಬಿನಿಂದ ಕಟ್ಟಿಕೊಂಡು ಬಂದಿದ್ದರು. ನೀರು ಕುಡಿದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಕೆಳಗೆ ಚಪ್ಪಡಿ ಹಾಸಿ ಜೀಪು ಎತ್ತಿದರು. ಮುರಿದ ಆರ್ಮು ಕೈಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಅದರ ಬಳೆಯೊಳಗಿಂದ ರಬ್ಬರು ಪುಡಿಪುಡಿಯಾಗಿ ಉದುರಿತು.

"ಈ ಬುಷ್ ಹಾಕಿ ಎಷ್ಟು ದಿನ ಆತು ಕೆಂಪಕ್ಕ?"

"ನಾಕು ತಿಂಗ್ಳು."

"ನಾಕು ತಿಂಗ್ಳಿಗೆ ಹಿಂಗಾಗಲ್ಲ. ಚಕ್ರ ಗಾಳೀಲಿ ತೂಗಾಡ್ತಿರೋವಾಗ ಬೋಲ್ಟ್ ಬಿಗಿದವ್ರೆ. ರಬ್ಬರು ಹರಿದು, ಕಬ್ಬಿಣಕ್ಕೆ ಕಬ್ಬಿಣ ಹೊಡ್ಕೊಂಡು ಬಳೆ ಸೀಳೈತೆ. ಯಾವನು ಅವನು?"

"ಮಧುಗಿರಿ ಕಡೆಯೋನು ಯಾರೋ," ಎಂದಳು ದೊಡ್ಡಮ್ಮ.

"ಕತ್ತೆ ನನ್ಮಗ."

"ಅಂಥೋರ ಕೈಗೆ ಸ್ಪ್ಯಾನರ್ ಕೊಡಬಾರ್ದು ಕಣಣ್ಣ."

ನಾನು ನೆಲ ನೋಡುತ್ತಿದ್ದೆ. ನಾಲ್ಕು ತಿಂಗಳ ಹಿಂದೆ ಬುಷ್ ಬದಲಾಯಿಸಿದ್ದು ದೊಡ್ಡಮ್ಮನೇ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ಎಳೆದೆವು. ಪೈಪಿನ ತುದಿ ಹಿಡಿದಿದ್ದವಳು ನಾನು. ಜೀಪು ಜಾಕಿನ ಮೇಲೆ ಇತ್ತು, ಚಕ್ರ ತೂಗಾಡುತ್ತಿತ್ತು.

ಲಿಯಾಕತ್ ಅವರು ಕೈ ಒರೆಸಿಕೊಂಡು ಫೋನ್ ತೆಗೆದರು. "ಅವನ ನಂಬರ್ ಕೊಡು, ಮಾತಾಡ್ತೀನಿ. ನಾಳೆ ಇನ್ನೊಬ್ಬರ ಗಾಡೀನೂ ಹಿಂಗೇ ಮಾಡ್ತಾನೆ."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. "ನಂಬರ್ ನಿನ್ನ ಫೋನಲ್ಲೇ ಐತೆ ಕಣಣ್ಣ. ಕೆಂಪಕ್ಕ ಅಂತ ಇರ್ಬೇಕು, ನೋಡು."

ಅವರು ಅವಳನ್ನೇ ನೋಡಿದರು. ಆಮೇಲೆ ಸದ್ದಿಲ್ಲದೆ ನಗತೊಡಗಿದರು, ಟೋಪಿ ಜಾರಿ ಮಡಿಲಿಗೆ ಬಿತ್ತು. "ಯಾರ ಹತ್ರ ಕಲ್ತೆ?"

"ನಿನ್ನ ಹತ್ರಾನೇ. ಶೆಡ್ಡಲ್ಲಿ ನಿಂತ್ಕಂಡು ಎಲ್ಲಾ ನೋಡಿದ್ದೆ."

"ಕೊನೇದು ಬಿಟ್ಟು ಎಲ್ಲಾ ನೋಡಿದ್ದೆ. ಬಿಗಿಯೋ ಹೊತ್ತಿಗೆ ಚಾ ಕುಡಿಯಕ್ಕೆ ಹೋಗಿದ್ದೆ ನೀನು."

ತಂದಿದ್ದ ಆರ್ಮು ಕೂರಿಸಿ ಬೋಲ್ಟುಗಳನ್ನು ಕೈಯಲ್ಲಿ ಮಾತ್ರ ತಿರುಗಿಸುವಷ್ಟರಲ್ಲಿ ಐದಾಗಿತ್ತು. ದೊಡ್ಡಪ್ಪನ ಫೋನ್ ಬಂತು. ಸ್ಪೀಕರಿನಲ್ಲಿ ಕೇಳಿಸಿತು.

"ಎಲ್ಲಿದ್ದೀಯೇ? ಕುರಿ ಎಲ್ಲಾ ಹಿಂದಕ್ಕೇ ತಿರುಗಿ ನೋಡ್ತಾವೆ."

"ನೋಡೋದು ಕುರೀನೋ, ನೀನೋ?"

"ತಮಾಸೆ ಬ್ಯಾಡ ಕಣೇ. ಎರಡು ಆಗ್ಲೇ ದಾರಿ ಹಿಡಿದ್ವು, ಅಟ್ಕಂಡು ಹೋಗಿ ತಂದೆ."

ದೊಡ್ಡಮ್ಮ ಫೋನ್ ಇಟ್ಟು ಸ್ಪ್ಯಾನರ್ ಎತ್ತಿಕೊಂಡಳು. "ಈಗ ಹಿಂಗೇ ಬಿಗಿದು ಹೊಂಟೋಗಾನ. ಅಲ್ಲಿ ಹೋದ್ಮೇಲೆ ಸರಿ ಮಾಡ್ಕಂತೀನಿ."

ಲಿಯಾಕತ್ ಅವರು ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಎತ್ತಿದಾಗ ಚಕ್ರ ಜೋತಾಡ್ತದೆ. ಆಗ ಬಿಗಿದ್ರೆ ರಬ್ಬರು ಅದೇ ತನ್ನ ಜಾಗ ಅನ್ಕಂತದೆ. ಕೆಳಗಿಳಿಸಿದ ತಕ್ಷಣ ಆರ್ಮು ಮೇಲೇಳ್ತದೆ, ರಬ್ಬರು ತಿರುಚಿಕೊಂಡೇ ಇರ್ತದೆ. ಈ ಕಲ್ಲು ದಾರೀಲಿ ಮತ್ತೆ ಹರೀತದೆ. ಗಾಡಿ ನೆಲದ ಮೇಲೆ ನಿಲ್ಲಬೇಕು, ದಿನಾ ಹೊರೋ ಭಾರ ಹೊತ್ಕೊಂಡಿರಬೇಕು. ಆಮೇಲೆ ಬಿಗಿ. ಮರಿ ಹತ್ಸು."

ಜೀಪು ಇಳಿಸಿ ಚಪ್ಪಟೆ ಜಾಗಕ್ಕೆ ತಳ್ಳಿದೆವು. ಇಪ್ಪತ್ತಾರು ಮರಿಗಳನ್ನು ಹತ್ತಿಸಿದೆವು. ದೊಡ್ಡಮ್ಮ ಬ್ರೇಕ್ ಒತ್ತಿಕೊಂಡು ಸ್ಟೇರಿಂಗ್ ಮುಂದೆ ಕೂತಳು. ಲಿಯಾಕತ್ ಅವರು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿದರು. ನಾನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದು ಸ್ಪ್ಯಾನರ್ ಕೊಡುತ್ತಿದ್ದೆ. ಜೀಪಿನ ತಳದಲ್ಲಿ ತುಕ್ಕು ತಿಂದ ತೂತು ಇದೆ. ಎರಡನೇ ಬೋಲ್ಟಿನ ಹೊತ್ತಿಗೆ ಯಾವುದೋ ಮರಿ ಉಚ್ಚೆ ಹೊಯ್ದು, ಅದು ತೂತಿನಿಂದ ನೇರವಾಗಿ ಅವರ ಕುತ್ತಿಗೆಗೆ ಇಳಿಯಿತು.

"ಕೆಂಪಕ್ಕ, ನಿನ್ನ ಗಾಡಿ ರೇಡಿಯೇಟರ್ ಸೋರ್ತಾ ಐತೆ."

"ಬಿಸಿ ಐತಾ ಅಣ್ಣ?"

"ಬಿಸೀನೇ."

"ಹಂಗಾದ್ರೆ ಎಂಜಿನ್ ಚೆನ್ನಾಗೈತೆ ಬುಡು."

ಬಿಗಿದಾದ ಮೇಲೆ ಅವರು ಪ್ರತಿ ನಟ್ಟಿನ ಮೇಲೂ ಪಕ್ಕದ ಕಬ್ಬಿಣದ ಮೇಲೂ ಸೇರುವಂತೆ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದು ನನ್ನನ್ನು ಬಗ್ಗಿ ನೋಡಲು ಹೇಳಿದರು.

"ಇನ್ನೂರು ಕಿಲೋಮೀಟರ್ ಆದ್ಮೇಲೆ ನೋಡು ಬೇಟಾ. ಮರಿ ಹತ್ಸಿರೋವಾಗಲೇ ನೋಡು. ಗೆರೆ ನೆಟ್ಟಗಿದ್ರೆ ಸರಿ. ಜರುಗಿದ್ರೆ ನಂಗೆ ಫೋನ್ ಮಾಡು. ನಿಮ್ಮ ದೊಡ್ಡಮ್ಮನ ಕೈಗೆ ಪೈಪು ಕೊಡಬ್ಯಾಡ."

ಅವರಿಗೆ ಕೈಮುಗಿದು ಹೊರಟೆವು. ದೊಡ್ಡಮ್ಮ ಆತುರವಿದ್ದರೂ ಎರಡನೇ ಗೇರಿನಲ್ಲೇ ಗುಡ್ಡ ಸುತ್ತಿ ಓಡಿಸಿದಳು. ದಾರಿಯಲ್ಲಿ ಎರಡು ದಿನದ ಮರಿ ಕೂಗುವುದನ್ನು ನಿಲ್ಲಿಸಿ ನನ್ನ ಬೆರಳು ಚೀಪುತ್ತಿತ್ತು. ನನಗೆ ಭಯವಾಗಿ ಅದರ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ತಿಮ್ಮರಾಯಪ್ಪನವರ ಹೊಲ ಕಾಣುವ ಮೊದಲೇ ಮರಿಗಳ ಕೂಗು ಅಲ್ಲಿಗೆ ತಲುಪಿತ್ತು. ದೊಡ್ಡಪ್ಪ ಕೋಲು ಅಡ್ಡ ಹಿಡಿದರೂ ಕುರಿಗಳು ದಾರಿಗೆ ಬಂದು ಜೀಪನ್ನು ಮುತ್ತಿಕೊಂಡವು. ಇನ್ನೂ ಬೆಳಕಿತ್ತು. ಇಳಿಸಿದ ಒಂದೊಂದು ಮರಿಯನ್ನೂ ಅದರದರ ತಾಯಿ ಮೂಸಿ ನೋಡಿ ಕರೆದುಕೊಂಡಿತು. ಎರಡು ದಿನದ್ದನ್ನು ನಾನೇ ಅದರ ತಾಯಿಯ ಕೆಚ್ಚಲಿಗೆ ಹಿಡಿದೆ. ಮೊದಲು ಬಾಯಿ ತಪ್ಪಿಸಿತು, ಆಮೇಲೆ ಬಾಲ ಅಲ್ಲಾಡಿಸುತ್ತಾ ಕುಡಿಯಿತು. ದೊಡ್ಡಪ್ಪ ಇಪ್ಪತ್ತಾರು ಎಣಿಸಿ ಬೀಡಿ ಹಚ್ಚಿದ.

"ಏನಾಗಿತ್ತೇ ಗಾಡಿಗೆ?"

ಮಧುಗಿರಿಯವನ ಕಥೆ ಮತ್ತೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. "ನಾನೇ ತಪ್ಪು ಬಿಗಿದಿದ್ದೆ," ಎಂದು ದೊಡ್ಡಮ್ಮ ಹೇಳಿ, ರಬ್ಬರಿನ ಜಾಗ, ಜೋತಾಡುವ ಚಕ್ರ, ಎಲ್ಲವನ್ನೂ ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ಅವನಿಗೆ ವಿವರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಎರಡನೇ ಸಲ ವಿವರಿಸಿದಳು.

ಇವತ್ತಿಗೆ ನೂರಾ ಎಂಬತ್ತೊಂಬತ್ತು ಕಿಲೋಮೀಟರ್ ಆಗಿದೆ. ನಾಳೆ ನಾವು ಕ್ಯಾತಗಾನಚೆರ್ಲು ಕಡೆಗೆ ಹೊರಡುತ್ತೇವೆ, ದಾರಿಯಲ್ಲಿ ಇನ್ನೂರು ದಾಟುತ್ತದೆ. ಆಗ ಚಪ್ಪಟೆ ಜಾಗದಲ್ಲಿ ಜೀಪು ನಿಲ್ಲಿಸಲು ಹೇಳಿ, ಮರಿಗಳನ್ನು ಇಳಿಸದೆ, ನಾನು ಕೆಳಗೆ ಮಲಗಿ ಗೆರೆಗಳನ್ನು ನೋಡುತ್ತೇನೆ.