ನೀಲಕ್ಕನ ಒಣ ಹರಕೆ

ಆನೆಕೊಂಡದ ನೀಲಕ್ಕನ ಮುತ್ತಜ್ಜ ಸಣ್ಣಬೀರಪ್ಪ, ತುಂಬಿದ ತುಂಗಭದ್ರೆಗೆ ಎತ್ತು ಇಳಿಸಿ, ಅದರ ಬಾಲ ಹಿಡಿದು, ಮುಳುಗುತ್ತಿದ್ದ ಇಬ್ಬರು ಹೆಂಗಸರನ್ನು ಹರಿಹರದ ದಡ ಮುಟ್ಟಿಸಿದವನು. ಅಜ್ಜ ಗುತ್ತೆಪ್ಪ ಬಾವಿಯಲ್ಲಿ ನೀರು ಕಾಣುವ ತನಕ ತಲೆಗೆ ರುಮಾಲು ಸುತ್ತೆನೆಂದು ಬಂಡೆ ಒಡೆದವನು. ಮಗನ ಮದುವೆಗೂ ಬರಿದಲೆಯಲ್ಲೇ ನಿಂತು ಅಕ್ಕಿಕಾಳು ಹಾಕಿದ. ಹಿಡಿದರೆ ಉಡದ ಹಿಡಿತ, ಆ ಮನೆತನದ್ದು.

ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ನೀಲಕ್ಕನನ್ನು ನಾನು ಬಲ್ಲೆ. ಹೊಸ ಮಡಕೆಯಂಥ ನುಣುಪು ಮುಖ. ಮಂಡಕ್ಕಿ ಭಟ್ಟಿಯ ವಾಮದೇವಪ್ಪನಿಗೆ ಕೊಟ್ಟ ಮೇಲೆ ಅವಳನ್ನು ಕಂಡಿರಲಿಲ್ಲ. ಈಗ ಅವಳ ಒಬ್ಬಳೇ ಮಗಳು ಕೀರ್ತನಾಗೆ ಹರಿಹರದ ಹಾಲವ್ವನ ಮಗ ಸಿದ್ದುವನ್ನು ಗೊತ್ತು ಮಾಡಿದವನು ನಾನೇ. ನಾನು ಕುದುರಿಸಿದ ಸಂಬಂಧ ಇದುವರೆಗೆ ಒಂದೂ ಮುರಿದಿಲ್ಲ. ಮಾತೆಲ್ಲ ವಾಮದೇವಪ್ಪನ ಜೊತೆ ಫೋನಿನಲ್ಲೇ ಮುಗಿದಿತ್ತು.

ಹೆಣ್ಣು ನೋಡಲು ಹೋದ ದಿನ ಒಳಗಿನಿಂದ ನೀರಿನ ಚೊಂಬು ಹಿಡಿದು ಒಬ್ಬ ಮುದುಕಿ ಬಂದಳು. ಗಲ್ಲ ಒಣಗಿದ ಹಾಗಲಕಾಯಿ, ಕೈಯ ಚರ್ಮ ಬೇಸಿಗೆ ಕೆರೆಯಂತೆ ಬಿರಿದಿತ್ತು. ಹಾಲವ್ವ ಚೊಂಬು ಇಸಿದುಕೊಂಡು, ಹಿರಿಯ ಜೀವವೆಂದು ಕಾಲು ಮುಟ್ಟಿ ನಮಸ್ಕರಿಸಿದಳು.

"ಅಜ್ಜಿ, ಹುಡುಗಿ ತಾಯಿ ಎಲ್ಲದಾಳ? ಕರೀರಿ."

"ನಾನೇರಿ," ಅಂದಳು ಆ ಮುದುಕಿ.

ದನಿ ಕೇಳಿ ಗುರುತು ಹಿಡಿದೆ. ನಲವತ್ತೈದು ತುಂಬದ ನೀಲಕ್ಕ! ಬಾಗಿಲಲ್ಲಿ ನಿಂತಿದ್ದ ಕೀರ್ತನಾ ಲೋಟದ ತಟ್ಟೆ ಹಿಡಿದೇ ಒಳಗೆ ತಿರುಗಿದಳು.

ಹಾಲವ್ವ ನನ್ನನ್ನು ಅಂಗಳಕ್ಕೆ ಕರೆದಳು. ಹುಡುಗಿ ಒಪ್ಪಿಗೆಯೇ, ಆದರೆ ತಾಯಿಯಂತೆ ಮಗಳು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ವಂಶದಲ್ಲಿ ರೋಗವಿಲ್ಲವೆಂದು ಡಾಕ್ಟರ ಬಾಯಿಂದ ಕೇಳಿದ ಮೇಲೆಯೇ ತಾರೀಖು ಅಂದಳು. ತಪ್ಪೇನೂ ಅನ್ನಿಸಲಿಲ್ಲ.

ಮುಂದಿನ ವಾರ ದಾವಣಗೆರೆಯ ಚರ್ಮದ ಡಾಕ್ಟರ ಮುಂದೆ ಎಲ್ಲರೂ ಕೂತೆವು. ನೀಲಕ್ಕನ ಅಕ್ಕ ಅಂಜಿನವ್ವ ಮಲೆಬೆನ್ನೂರಿನಿಂದ ಬಂದಿದ್ದಳು. ಜೀವಮಾನವೆಲ್ಲ ಬಿಸಿಲಲ್ಲಿ ಬಗ್ಗಿ ಭತ್ತದ ನಾಟಿ ಮಾಡಿದವಳು. ಆದರೂ ಮುಖ ಮಾಗಿದ ಪೇರಲ ಹಣ್ಣು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ನೋಡಿದರೆ ಅಕ್ಕನೇ ತಂಗಿಯ ಮಗಳಂತೆ ಕಾಣುತ್ತಿದ್ದಳು.

ಡಾಕ್ಟರು ಇಬ್ಬರನ್ನೂ ನೋಡಿದರು. ಬರೀ ಬಿಸಿಲಿನದಾದರೆ ಅಕ್ಕನಿಗೆ ಹೆಚ್ಚು ಆಗಬೇಕಿತ್ತು ಅಂದರು. ಏನು ಊಟ ಮಾಡುತ್ತೀಯಮ್ಮ ಎಂದು ಕೇಳಿದರೆ ನೀಲಕ್ಕ ನೆಲ ನೋಡಿದಳು. ನಮಗೆಲ್ಲ ಬಡಿಸಿ ಆಮೇಲೆ ಒಳಗೆ ಉಣ್ಣುತ್ತಾಳೆ ಎಂದಳು ಕೀರ್ತನಾ. ಏನು ಉಣ್ಣುತ್ತಾಳೆಂದು ತಿಳಿಯದೆ ರೋಗವಿಲ್ಲವೆಂದು ನಾನು ಹೇಳಲಾರೆ ಅಂದರು ಡಾಕ್ಟರು. ಹಾಲವ್ವ ತನ್ನ ಚೀಲ ಎತ್ತಿಕೊಂಡಳು.

ಆಗ ನೀಲಕ್ಕ ಬಾಯಿ ಬಿಟ್ಟಳು. ಕೀರ್ತನಾ ಮೂರು ವರ್ಷದ ಕೂಸಾಗಿದ್ದಾಗ ಜ್ವರದಲ್ಲಿ ಉಸಿರು ಸೋಲುತ್ತಿತ್ತಂತೆ. ಕೂಸನ್ನು ಉಳಿಸು ತಾಯೇ, ಇದರ ಲಗ್ನ ಆಗುವ ತನಕ ಎಣ್ಣೆ ತುಪ್ಪ, ಹಾಲು ಮೊಸರು, ಬೇಳೆ ಕಾಳು, ಸೊಪ್ಪು ಹಣ್ಣು ನಾಲಿಗೆಗೆ ಸೋಕಿಸೆನೆಂದು ದುಗ್ಗಮ್ಮನಿಗೆ ಹರಕೆ ಹೊತ್ತಳಂತೆ. ಇಂಥ ಹರಕೆ ಬಾಯಿಬಿಟ್ಟರೆ ಕೆಡುತ್ತದೆ. ಅದಕ್ಕೇ ಗಂಡನಿಗೂ ಹೇಳಲಿಲ್ಲ. ಅಲ್ಲಿಂದ ಇಲ್ಲಿವರೆಗೆ ನೀರಲ್ಲಿ ನೆನೆಸಿದ ಮಂಡಕ್ಕಿ, ಹುಣಸೆಹುಳಿ ಕಲಸಿದ ಅನ್ನ, ಹಸಿದಾಗೆಲ್ಲ ಸಕ್ಕರೆ ಸುರಿದ ಕರಿ ಚಾ. ತಾನು ಮಾಡಿದ ಪಲ್ಯದ ರುಚಿಯನ್ನೂ ನೋಡಿದವಳಲ್ಲ.

ಹೇಳಿ ಮುಗಿಸಿದವಳೇ ಕೈಯನ್ನು ಮಗಳ ಹಣೆಗಿಟ್ಟು ನೋಡಿದಳು, ಜ್ವರ ಬಂತೋ ಎಂದು.

"ಹುಚ್ಚಿ, ನಿನ್ನ ಚರ್ಮ ಸುಲಕೊಡು ಅಂತ ದುಗ್ಗವ್ವ ಕೇಳಿದ್ಲೇನೆ?" ಅಂದಳು ಅಂಜಿನವ್ವ. ಅವಳ ಕಣ್ಣು ತುಂಬಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಬೇಳೆ, ಹಾಲು ಇಲ್ಲದಿದ್ದರೆ ಚರ್ಮಕ್ಕೆ ಕಸುವಿಲ್ಲ, ಜಿಡ್ಡಿಲ್ಲದಿದ್ದರೆ ಒಣಗುತ್ತದೆ, ಸೊಪ್ಪು ಹಣ್ಣು ಕಂಡ ಮೈ ಬಿಸಿಲು ತಾಳುತ್ತದೆ, ಅತಿ ಸಕ್ಕರೆ ಚರ್ಮವನ್ನು ಬಿರುಸು ಮಾಡುತ್ತದೆ. ಇದು ವಂಶದ್ದಲ್ಲ, ತಟ್ಟೆಯದು. ಇನ್ನೂ ಹೀಗೇ ನಡೆದರೆ ಎಲುಬಿಗೂ ಕುತ್ತು ಅಂದರು.

ಹಾಲವ್ವ ಕುಕ್ಕರಿಸಿದಳು. ಆಮೇಲೆ, ದೀಪಾವಳಿ ಕಳೆದ ಮೇಲೆ ಲಗ್ನ ಅಂದಳು.

ಮರುದಿನವೇ ಹರಿಹರದಿಂದ ಬುತ್ತಿ ಹೊತ್ತು ಬಂದಳು. ಮೊಸರನ್ನ, ಹೆಸರುಕಾಳು, ಬೆಣ್ಣೆ ಹಾಕಿದ ಮೆಂತ್ಯದ ಪಲ್ಯ. ಲಗ್ನ ಗೊತ್ತಾಯಿತಲ್ಲ, ಹರಕೆ ತೀರಿದಂತೆಯೇ, ಉಣ್ಣು ಎಂದು ತಾನೇ ತುತ್ತು ಕಲಸಿ ಬಾಯಿ ಹತ್ತಿರ ಹಿಡಿದಳು. ಮಗಳೂ ಅತ್ತು ಕರೆದಳು. ನಾನೂ ಹಿರಿಯನೆಂದು ಗದರಿದೆ. ನೀಲಕ್ಕ ಹಾಲವ್ವನ ಮಣಿಕಟ್ಟು ಹಿಡಿದು ಮೆಲ್ಲಗೆ ತಗ್ಗಿಸಿದಳು.

"ಬ್ಯಾಡ್ರಿ ಬೀಗತಿ. ಬಾಯಿಬಿಟ್ಟು ಅರ್ಧ ಹರಕೆ ನಾನೇ ಕೆಡಿಸೀನಿ. ಉಳಿದರ್ಧ ಕೂಸಿನ ಕೊಳ್ಳಾಗ ತಾಳಿ ಬೀಳೋತನ ನಂದೇ ಐತೆ. ಬುತ್ತಿ ಕಟ್ಟಿಕೊಂಡು ಹೋಗ್ರಿ."