ಸೈಲೆನ್ಸರಿಗೆ ಉಪ್ಪುನೀರು

ರೀ, ನಿಮ್ಮ ಸ್ಕೂಟರಿನ ಸೈಲೆನ್ಸರಿಗೆ ತುಕ್ಕು ಹಿಡಿಸಿದವಳು ನಾನೇ. ತಾನಾಗಿ ಹಿಡಿದದ್ದಲ್ಲ — ಬೇಕೆಂದೇ ಹಿಡಿಸಿದ್ದು. ಅದೂ ಒಂದು ಸಲವಲ್ಲ, ನೀವು ರಿಪೇರಿ ಮಾಡಿಸಿಕೊಂಡು ಬಂದಾಗಲೆಲ್ಲ. ಬರೆಯುತ್ತಿದ್ದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ತೊಂಬತ್ತರ ದಶಕದ ಮಾತು. ಮದುವೆಯಾಗಿ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದ ಹೊಸತು. ನೀವು ನಮ್ಮೂರಿನ ನೇಕಾರರಿಗೆ ರೇಷ್ಮೆ ನೂಲು ಕೊಟ್ಟು, ನೇಯ್ದ ಸೀರೆಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಇಲ್ಲಿನ ಅಂಗಡಿಗಳಿಗೆ ತರುತ್ತಿದ್ದಿರಿ. ವಾಪಸು ಬರುವುದು ಎಷ್ಟು ಹೊತ್ತಿಗೋ ಯಾರಿಗೂ ತಿಳಿಯದು. ತಳಕಿನಲ್ಲಿ ಟೀಗೆ ನಿಂತು ಯಾರಾದರೂ ಮಾತಿಗೆ ಸಿಕ್ಕರೆ ಮುಗಿಯಿತು. ಆದರೆ ತಟ್ಟೆಗೆ ಮಾತ್ರ ಹಂಚಿನಿಂದ ಇಳಿದ ಬಿಸಿ ರೊಟ್ಟಿಯೇ ಬೀಳಬೇಕು. ತಣ್ಣಗಾಗಿದ್ದರೆ ನೀವು ಬೈಯುತ್ತಿರಲಿಲ್ಲ, ತಲೆ ತಗ್ಗಿಸಿ ಅಗಿಯುತ್ತಿದ್ದಿರಿ. ಅತ್ತೆ ಒಮ್ಮೆ ನಿಮ್ಮನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಮೊದಲನೆಯ ಸಲ ಸೈಲೆನ್ಸರು ತೂತಾದದ್ದು ತಾನಾಗಿಯೇ. ಪಕ್ಕದ ಶೇಂಗಾ ಎಣ್ಣೆ ಮಿಲ್ಲಿನ ಗದ್ದಲದಲ್ಲಿ ನಮ್ಮ ಬೀದಿಯವರಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವಳು — ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿಯುತ್ತಿದ್ದರೂ ಅಪ್ಪನ ಮಗ್ಗ ಯಾವುದೆಂದು ಹೇಳುತ್ತಿದ್ದೆ. ಆ ಸಂಜೆ ನಿಮ್ಮ ಸ್ಕೂಟರು ಬಳ್ಳಾರಿ ರಸ್ತೆಯ ತಿರುವಿನಲ್ಲಿ ಗುರ್ರೆಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಂಚಿಗೆ ರೊಟ್ಟಿ ಹಾಕಿದೆ. ನೀವು ಕಾಲು ತೊಳೆದು ಕೂರುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಯಿತು. ಮರುದಿನವೂ ಹಾಗೇ. ಅದರ ಮರುದಿನ ಅತ್ತೆ ತಡೆಯಲಾರದೆ ಕೇಳಿಯೇಬಿಟ್ಟರು:

“ಇವನು ಬರೋದು ನಿನಗೆ ಹೆಂಗೆ ಗೊತ್ತಾಗ್ತೈತೇ?”

ಸೈಲೆನ್ಸರು ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾವ ಹುರುಪಿನಲ್ಲೋ —

“ಮನಸ್ಸಿಗೆ ಗೊತ್ತಾಗ್ತೈತೆ ಅತ್ತೆ.”

ನೀವು ತಟ್ಟೆಯಿಂದ ತಲೆ ಎತ್ತಿದಿರಿ. ಆಗಿನ ನಿಮ್ಮ ಮುಖ... ಅದನ್ನು ಇನ್ನೊಮ್ಮೆ ನೋಡಲು ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಬಿಟ್ಟೆ.

ನೀವು ಊರೆಲ್ಲ ಹೇಳಿಕೊಂಡು ತಿರುಗಿದಿರಿ. ಪಕ್ಕದ ಮನೆಯ ಹೆಂಗಸರು ನನ್ನನ್ನು ಬೇರೆ ಥರ ನೋಡತೊಡಗಿದರು. ಅಷ್ಟರಲ್ಲಿ ನೀವು ಮೆಕ್ಯಾನಿಕ್ ಸಾಬರ ಹತ್ತಿರ ತೂತಿಗೆ ತಗಡಿಟ್ಟು ವೆಲ್ಡಿಂಗ್ ಮಾಡಿಸಿಕೊಂಡು ಬಂದಿರಿ. ಅಂದು ಸ್ಕೂಟರು ಬೆಕ್ಕಿನ ಹಾಗೆ ಬಂದು ಬಾಗಿಲಲ್ಲಿ ನಿಂತಿತು. ಹಂಚು ಕಾದಿರಲಿಲ್ಲ. “ಇವತ್ತು ಮನಸ್ಸು ಎಲ್ಲಿಗೆ ಹೋಗಿತ್ತು?” ಎಂದು ನೀವು ತಮಾಷೆಗೇ ಕೇಳಿದಿರಿ, ಆದರೆ ಮುಖ ಸಣ್ಣಗಾಗಿತ್ತು.

ಗಾಡಿ ತೊಳೆದ ಮೇಲೆ ಸೈಲೆನ್ಸರನ್ನು ಚೆನ್ನಾಗಿ ಒರೆಸಿ ಎಣ್ಣೆ ಸವರಿದರೆ ತುಕ್ಕು ಬರುವುದಿಲ್ಲ ಎಂದು ಸಾಬರು ಹೇಳಿಕೊಟ್ಟಿದ್ದರು. ಆ ಕೆಲಸವನ್ನು ನೀವು ನಂಬಿ ನನಗೆ ಒಪ್ಪಿಸಿದಿರಿ. ನಾನು ಇಡೀ ಸ್ಕೂಟರನ್ನು ಫಳಫಳ ಒರೆಸಿದೆ. ಸೈಲೆನ್ಸರಿಗೆ ಮಾತ್ರ ದಿನಾ ರಾತ್ರಿ ಉಪ್ಪಿನಕಾಯಿ ಜಾಡಿಯ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಸುತ್ತಿದೆ. ನೀವು ಏಳುವ ಮೊದಲು ಬಿಚ್ಚಿಟ್ಟೆ. ಮಳೆಯೇ ಅಪರೂಪವಾದ ಚಳ್ಳಕೆರೆಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಹುಡುಗಾಟವೇ? ಕೂಸಿಗೆ ಎಣ್ಣೆ ನೀರು ಹಾಕಿದಷ್ಟು ಮುತುವರ್ಜಿಯಿಂದ ಮಾಡಿದೆ. ಕೊನೆಗೊಂದು ಸಂಜೆ ಬಳ್ಳಾರಿ ರಸ್ತೆಯ ಕಡೆಯಿಂದ ಮತ್ತೆ ಗುರ್ರೆಂದಿತು ನೋಡಿ — ಒಲೆಯ ಮುಂದೆ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸಾಬರು ಮಾತ್ರ ಸೋತುಹೋದರು. “ಅಣ್ಣಾ, ನಿಮ್ಮ ಗಾಡಿ ಏನು ಸಮುದ್ರಕ್ಕೆ ಹೋಗಿ ಬರ್ತೈತಾ?” ಎಂದು ಅವರು ಕೇಳಿದ್ದನ್ನು ನೀವೇ ಬಂದು ಹೇಳಿದಿರಿ. ಆಮೇಲೆ ಮೊಳಕಾಲ್ಮೂರಿನಲ್ಲಿ ನೂಲಿಗೆ ಬಣ್ಣ ಹಾಕಿದ ನೀರು ನಿಲ್ಲುವ ಗುಂಡಿಗಳ ಮೇಲೆ ಅನುಮಾನಪಟ್ಟು, ಅವುಗಳನ್ನು ತಪ್ಪಿಸಲು ಸುತ್ತು ಹಾಕಿಕೊಂಡು ಓಡಾಡಿದಿರಿ. ನನ್ನ ತವರೂರಿನ ಮೇಲೆಯೇ ಅಪವಾದ ಬಂತು. ಆದರೂ ನಾನು ಉಪ್ಪುನೀರಿನ ಬಟ್ಟೆ ಬಿಡಲಿಲ್ಲ. ಆ ಸ್ಕೂಟರನ್ನು ಮಾರುವವರೆಗೂ ನೀವು ಆ ಶಬ್ದದ ಮೇಲೆಯೇ ಕೂತು ಓಡಾಡಿದಿರಿ — ವರ್ಷಗಟ್ಟಲೆ, ದಿನಕ್ಕೆ ಎರಡು ಹೊತ್ತು.

ಮೊನ್ನೆ ಮಂದವಾದ ನಿಮ್ಮ ಕಿವಿ ನೋಡಿ ಡಾಕ್ಟರು ಕೇಳಿದರಲ್ಲ, ಜೋರು ಶಬ್ದದ ನಡುವೆ ಕೆಲಸ ಮಾಡಿದ್ದೀರಾ ಎಂದು? ಇಲ್ಲ, ಮಿಲ್ಲಿನ ಪಕ್ಕ ಮನೆಯಿತ್ತು ಅಷ್ಟೆ ಎಂದಿರಿ ನೀವು. ವಯಸ್ಸಿನದ್ದೂ ಇರಬಹುದು ಎಂದರು ಅವರು. ಆ ಮಾತಿನ ಮರೆಯಲ್ಲಿ ನಾನು ನಿಲ್ಲುವುದಿಲ್ಲ. ಅದೇ ಮಿಲ್ಲಿನ ಪಕ್ಕ ಇದ್ದವಳು ನಾನು, ನನ್ನ ಕಿವಿ ಚೆನ್ನಾಗಿಯೇ ಇದೆ. ಆಗಲೇ ಹೇಳಬೇಕಿತ್ತು, ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನೀವು ನನ್ನ ಕಡೆ ಕೈ ತೋರಿಸಿ ನಗುತ್ತಾ ಡಾಕ್ಟರಿಗೆ ಹೇಳಿದಿರಿ:

“ನನಗೆ ಕಿವಿ ಹೋದ್ರೆ ಹೋಗ್ಲಿ ಬಿಡ್ರಿ. ಇವಳಿಗೆ ನನ್ನ ಮನಸ್ಸೇ ಕೇಳಿಸ್ತೈತೆ.”

ಇಲ್ಲ ರೀ. ನನಗೆ ಕೇಳಿಸುತ್ತಿದ್ದದ್ದು ಸೈಲೆನ್ಸರು. ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟು ಸುಮ್ಮನಾಗುವುದಿಲ್ಲ. ಇವತ್ತು ನೀವು ಊಟಕ್ಕೆ ಕೂತಾಗ ಪಕ್ಕದಲ್ಲೇ ಕೂತು ಬಾಯಿಬಿಟ್ಟು ಹೇಳುತ್ತೇನೆ. ನಿಮಗೆ ಕೇಳಿಸಬೇಕೆಂದರೆ ಕೂಗಿಯೇ ಹೇಳಬೇಕು. ಬೀದಿಯವರೆಲ್ಲ ಕೇಳಿಸಿಕೊಳ್ಳಲಿ.