ಉಳಿ ತಗುಲಿದ ಎಡಗೈ ಗಿಟಾರ್

ಹೋದ ವಾರ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವರು ಹಳೆಯ ಕಪಾಟಿಗೆ ಪಾಲಿಶ್ ಹಾಕಿಸುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಬಟ್ಟೆಯಿಂದ ಉಜ್ಜುವ ಹಳೆಯ ಕಾಲದ ಪಾಲಿಶ್. ಈಗ ಚೆಂಬೂರಿನಲ್ಲಿ ಅದನ್ನು ಯಾರು ಹಾಕಿಸುತ್ತಾರೆ! ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದವನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಅಲ್ಲೇ ಕುಳಿತುಬಿಟ್ಟೆ. ಮೇಲಿನಿಂದ ಇಳಿದು ಬಂದ ಪಕ್ಕದ ಮನೆಯ ಹುಡುಗಿ, "ಅಂಕಲ್, ಬಿಪಿ ಕ್ಯಾ?" ಎಂದಳು. ಇಲ್ಲಮ್ಮ ಎಂದೆ. ಬಿಪಿಯಲ್ಲ… ಮೇಸ್ತ್ರಿ.

ಬೈಕುಲ್ಲಾದಲ್ಲಿ ಸಗಟು ಮಾರ್ಕೆಟ್ಟಿನ ಹಿಂದೆ ಒಬ್ಬ ಶೇಠ್‌ನ ಗಿಟಾರ್ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ತಗಡಿನ ಸೂರು, ಆರೇಳು ಜನ, ಮೊಣಕಾಲುದ್ದ ಮರದ ಹೊಟ್ಟು. ಅಲ್ಲಿ ಮರ ಕೊರೆದು ಗಿಟಾರಿನ ಬಾಡಿ ಮಾಡುವವರು ಮೇಸ್ತ್ರಿ. ಕಾರ್ಕಳದ ಕಡೆಯವರು. ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆಂದು ಮುಂಬಯಿಗೆ ಬಂದು, ದೋಸೆ ಕಾವಲಿಯ ಬಿಸಿ ಒಗ್ಗದೆ, ಎಲ್ಲೆಲ್ಲೋ ತಿರುಗಿ ಕೊನೆಗೆ ಉಳಿ ಹಿಡಿದವರು. ನಾನು ಧಾರವಾಡದ ಕಡೆಯವ, ವಡಾಲದ ಕಾಲೊನಿಯಲ್ಲಿ ಬೆಳೆದವ, ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವ. ರಿಪೇರಿಗೆಂದು ಹೋದಾಗಲೆಲ್ಲ ಕನ್ನಡ ಮಾತಾಡುವ ಆಸೆಗೆ ಅವರ ಮಣೆಯ ಪಕ್ಕ ಕೂರುತ್ತಿದ್ದೆ. "ನೀವು ಧಾರವಾಡದವರು ಪ್ರೀತಿಯಲ್ಲಿ ಮಾತಾಡಿದರೂ ಜಗಳ ಮಾಡಿದ ಹಾಗೆ ಕೇಳ್ತದೆ ಮಾರಾಯ" ಎಂದು ನನ್ನನ್ನು ಗೇಲಿ ಮಾಡುತ್ತಿದ್ದರು. ನಾನು ನಿಜಕ್ಕೂ ಜಗಳಗಂಟನೇ, ಅದು ಬೇರೆ ಮಾತು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಸಣ್ಣಪುಟ್ಟ ಊನವಾದ ಬಾಡಿಗಳನ್ನು ಬಾಗಿಲ ಬಳಿಯ ರ‍್ಯಾಕಿನಲ್ಲಿ ಇಟ್ಟು, ಯಾರ ಕೈಯಲ್ಲಿ ಹಾಳಾಯಿತೋ ಅವರ ಹೆಸರನ್ನು ಮೇಲಿನ ಹಲಗೆಯಲ್ಲಿ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು. ಬಂದವರು ಹೋದವರೆಲ್ಲ ಓದಲಿ ಎಂದು. ಅಂಥ ಮಾಲಿಗೆ ಸೆಕೆಂಡ್ಸ್ ಎನ್ನುತ್ತಿದ್ದರು, ಅರ್ಧ ಬೆಲೆಗೆ ಕೊಡುತ್ತಿದ್ದರು. ನಮ್ಮಂಥ ಬಡ ವಾದ್ಯಗಾರರು ಅದನ್ನು ಒಯ್ದು, ಕುತ್ತಿಗೆ ಒಂದು ಕಡೆ, ತಂತಿ ಬಿಗಿಯುವ ಬಿರಡೆ ಇನ್ನೊಂದು ಕಡೆ ಹುಡುಕಿ, ವೈರಿಂಗ್ ತಾವೇ ಮಾಡಿಕೊಂಡು ಗಿಟಾರ್ ಕಟ್ಟಿಕೊಳ್ಳುತ್ತಿದ್ದರು. ಆ ಹಲಗೆಯ ಮೇಲೆ ಮೇಸ್ತ್ರಿಯ ಹೆಸರು ಒಮ್ಮೆಯೂ ಬಂದಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ. ಶೇಠ್ ಗಿರಾಕಿಗಳಿಗೆ ಮೊದಲು ತೋರಿಸುತ್ತಿದ್ದದ್ದು ಮಾಲನ್ನಲ್ಲ, ಮೇಸ್ತ್ರಿಯನ್ನು. ಆಗ ಅವರು ತಲೆ ಎತ್ತದೆ ಉಳಿ ಆಡಿಸುತ್ತಲೇ ಇರುತ್ತಿದ್ದರು, ಆದರೆ ಕಿವಿ ಕೆಂಪಗಾಗುತ್ತಿತ್ತು.

ನನ್ನ ಕೈ ಹೋದದ್ದು ನನ್ನ ಸಿಟ್ಟಿನಿಂದಲೇ. ಮನೆಯಲ್ಲಿ ಎಂಥದೋ ಹಾಳು ಜಗಳ ಮಾಡಿಕೊಂಡು ಹೊರಟವನು ಲಿಫ್ಟಿನ ಕಬ್ಬಿಣದ ಜಾಲಿ ಬಾಗಿಲನ್ನು ದಡಾರನೆ ಎಳೆದೆ. ಎಡಗೈ ಸಂದಿನಲ್ಲಿತ್ತು. ನಡುಬೆರಳು, ಉಂಗುರ ಬೆರಳು, ಎರಡರ ತುದಿಯನ್ನೂ ಡಾಕ್ಟರು ತೆಗೆದರು. ಗಿಟಾರಿನಲ್ಲಿ ತಂತಿ ಒತ್ತುವುದು ಎಡಗೈ, ಮೀಟುವುದು ಬಲಗೈ. ತಂತಿ ಒತ್ತುವ ಬೆರಳೇ ಇಲ್ಲದ ಮೇಲೆ ಇನ್ನೇನು? ನಲವತ್ತೊಂದನೇ ವಯಸ್ಸಿನಲ್ಲಿ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, ಸತ್ತರೆ ಚೆನ್ನಾಗಿತ್ತು ಎಂದುಕೊಂಡದ್ದು ಸುಳ್ಳಲ್ಲ.

ಉಳಿದದ್ದು ಒಂದೇ ದಾರಿ. ಕೈ ಅದಲುಬದಲು ಮಾಡುವುದು. ಬಲಗೈಯಿಂದ ಒತ್ತಿ, ಎಡಗೈಯ ಉಳಿದ ಬೆರಳುಗಳಲ್ಲಿ ಕಡ್ಡಿ ಹಿಡಿದು ಮೀಟುವುದು. ಆರ್ಕೆಸ್ಟ್ರಾದ ಮಾಲೀಕರು ಒಳ್ಳೆಯವರು, "ನವರಾತ್ರಿಯ ಮೊದಲು ಬಂದು ನುಡಿಸಿ ತೋರಿಸು. ಆಗದಿದ್ದರೆ ನಾನು ಬೇರೆಯವನನ್ನು ತಗೋಬೇಕಾಗುತ್ತದೆ" ಎಂದರು. ನನ್ನ ಹಳೆಯ ಗಿಟಾರನ್ನು ತಲೆಕೆಳಗು ಮಾಡಿ ನೋಡಿದೆ. ಗುಂಡಿಗಳು ಮೊಣಕೈಗೆ ಸಿಗುತ್ತವೆ, ಮೇಲಿನ ಸ್ವರಕ್ಕೆ ಕೈ ಹೋಗುವುದಿಲ್ಲ, ಕಾರಣ ಅಲ್ಲಿ ಮರ ಅಡ್ಡ. ಎಡಗೈಯವರದೇ ಬಾಡಿ ಬೇಕು. ಅಂಗಡಿಗಳಲ್ಲಿ ಕೇಳಿದರೆ ಹೊರದೇಶದಿಂದ ತರಿಸಬೇಕು ಎಂದು ಹೇಳಿದ ಬೆಲೆಗೆ ಹೆಂಡತಿಯ ಮಂಗಳಸೂತ್ರವನ್ನೇ ಮಾರಬೇಕಿತ್ತು. ಅದು ಆಸ್ಪತ್ರೆಗೇ ಹೋಗಿತ್ತು.

ಶೇಠ್‌ನ ಕಾರ್ಖಾನೆಯಲ್ಲಿ ಒಂದೇ ಒಂದು ಎಡಗೈ ಬಾಡಿ ಇತ್ತು. ಯಾವುದೋ ಆರ್ಡರಿಗೆ ಮಾಡಿದವುಗಳಲ್ಲಿ ಉಳಿದದ್ದು, ಮೇಸ್ತ್ರಿಯೇ ಕೊರೆದದ್ದು. ಹಲಸಿನ ಹಣ್ಣಿನ ಬಣ್ಣದ ಮರ, ಕೈಯಾಡಿಸಿದರೆ ಬೆಣ್ಣೆ. ಊನ ಎಲ್ಲಿಯೂ ಇಲ್ಲ, ಹಾಗಾಗಿ ಪೂರಾ ಬೆಲೆ. "ಶೇಠ್‌ಜೀ, ಥೋಡಾ ಕಮ್ ಕರೋ ನಾ" ಎಂದು ಕಾಲಿಗೆ ಬೀಳುವುದೊಂದು ಬಾಕಿ. "ಸೆಕೆಂಡ್ಸ್ ಹೋತಾ ತೋ ದೇ ದೇತಾ. ಮೇಸ್ತ್ರಿ ಕಾ ಮಾಲ್ ಸೆಕೆಂಡ್ಸ್ ಮೇ ಕಹಾಂ ಆತಾ ಹೈ?" ಎಂದು ಶೇಠ್ ನಕ್ಕ. ಊನವಿದ್ದರೆ ಕೊಟ್ಟುಬಿಡುತ್ತಿದ್ದನಂತೆ, ಆದರೆ ಮೇಸ್ತ್ರಿಯ ಮಾಲಿನಲ್ಲಿ ಊನ ಎಲ್ಲಿ ಬರುತ್ತದೆ! ಶನಿವಾರ ಶನಿವಾರ ಹೋದೆ. ಅದನ್ನು ಮಡಿಲಲ್ಲಿಟ್ಟುಕೊಂಡು ನೋಡಿ ವಾಪಸು ಇಡುವುದು. ನವರಾತ್ರಿಗೆ ಎರಡು ತಿಂಗಳು ಉಳಿದಿದ್ದಾಗ ಒಂದು ಶನಿವಾರ ಮೇಸ್ತ್ರಿಯ ಮಣೆಯ ಪಕ್ಕ ಕುಳಿತವನಿಗೆ ತಡೆಯಲಾಗಲಿಲ್ಲ. ಗಂಡಸು, ನಾಲ್ಕು ಜನ ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ. ಮೇಸ್ತ್ರಿ ತಮ್ಮ ಚಹಾದ ಗ್ಲಾಸನ್ನು ನನ್ನ ಕಡೆ ಸರಿಸಿದರು, ಅಷ್ಟೇ.

ಮಂಗಳವಾರ ಅವರ ಫೋನು. "ಆ ಲೆಫ್ಟಿ ಸೆಕೆಂಡ್ಸಿಗೆ ಬಿದ್ದಿದೆ. ಬೇಗ ಬಾ, ಬೇರೆ ಯಾರಾದರೂ ತಗೊಂಡು ಹೋದಾರು."

ಓಡಿದೆ. ವಡಾಲದಿಂದ ಬೈಕುಲ್ಲಾಕ್ಕೆ ಹೇಗೆ ಹೋದೆ ಎಂಬುದೇ ನೆನಪಿಲ್ಲ. ರ‍್ಯಾಕಿನಲ್ಲಿ ಇತ್ತು. ಹಿಂಬದಿಯಲ್ಲಿ, ಹೊಟ್ಟೆಗೆ ಒರಗುವ ಅಂಚಿನ ಹತ್ತಿರ, ಬೆರಳುದ್ದದ ಉಳಿಯ ಗಾಯ. ಹೆಗಲ ಪಟ್ಟಿ ಸಿಕ್ಕಿಸುವ ಜಾಗದಲ್ಲಿ ಒಂದು ಸಣ್ಣ ತಗ್ಗು. ಮುಂಬದಿ ಹಾಗೇ ಇತ್ತು, ಒಂದು ಗೀರೂ ಇಲ್ಲ. ಗಾಯ ನುಡಿಗೆ ಅಡ್ಡ ಬರುವಂಥದ್ದಲ್ಲ, ನೋಡುವವರ ಕಣ್ಣಿಗೂ ಬೀಳುವಂಥದ್ದಲ್ಲ. ರ‍್ಯಾಕಿನಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದೆ.

ಆಮೇಲೆ ನಾನು ಮಾಡಿದ್ದನ್ನು ಹೇಗೆ ಬರೆಯಲಿ? ಈ ಊರಲ್ಲಿ ಬೆಳೆದವನಿಗೆ ಒಂದು ಚಟ ಅಂಟಿರುತ್ತದೆ. ಬೇಕಾದ ವಸ್ತು ಕೈಗೆ ಬಂದರೆ ಖುಷಿ ತೋರಿಸಬಾರದು, ಮೂಗು ಮುರಿಯಬೇಕು, ಹುಳುಕು ಎತ್ತಿ ಆಡಬೇಕು. ಸೊಪ್ಪಿನವಳ ಹತ್ತಿರ ಆಡುವ ನಾಟಕ. ಅರ್ಧ ಬೆಲೆಗೆ ಸಿಕ್ಕದ್ದು ಸಾಲದೆಂದು ಅದೇ ನಾಟಕ ಶುರು ಮಾಡಿದೆ. ಬಾಡಿಯನ್ನು ತಿರುಗಿಸಿ ಹಿಡಿದು ಎಲ್ಲರಿಗೂ ಕೇಳುವಂತೆ, "ಏ ಕ್ಯಾ ಹೈ ಶೇಠ್‌ಜೀ? ಕಿಸ್ ಅಂಧೇ ನೆ ಬನಾಯಾ?" ಎಂದೆ, ಯಾವ ಕುರುಡ ಮಾಡಿದ್ದು ಎಂದು. ಶೇಠ್ ಮೊದಲು ನಕ್ಕ. ನಾನು ಬಿಡಲಿಲ್ಲ. ಗಾಯದ ಮೇಲೆ ಉಗುರು ಎಳೆದು ತೋರಿಸಿ, "ದೇಖೋ, ಹಾಥ್ ಕಾಂಪ್ತಾ ಹೈ. ಆಪ್‌ಕಾ ಕಾರೀಗರ್ ಬುಡ್ಢಾ ಹೋ ಗಯಾ" ಎಂದೆ. ಕೈ ನಡುಗುತ್ತದೆ, ನಿಮ್ಮ ಕೆಲಸಗಾರ ಮುದುಕನಾದ, ಎಂದು. ಶೇಠ್‌ನ ನಗು ನಿಂತಿತು. ಅವನೂ ಬೆರಳಿಟ್ಟು ನೋಡಿದ. ಆಮೇಲೆ ಮೇಸ್ತ್ರಿಯ ಮಣೆಯ ಕಡೆ ನೋಡಿದ. ಹಲಗೆಯ ಮೇಲೆ ಆಗಷ್ಟೇ ಬರೆದ ಹೆಸರನ್ನು ನಾನು ಓದಿದ್ದೆ, ಓದಿಯೂ ಆಡಿದೆ! ಮೇಸ್ತ್ರಿ ತಲೆ ಎತ್ತಲಿಲ್ಲ. ಕಿವಿ ಕೆಂಪಗಾಗಿತ್ತೋ ಇಲ್ಲವೋ, ನಾನು ನೋಡಲಿಲ್ಲ.

ಇನ್ನಷ್ಟು ಕಡಿಮೆಗೆ ಸಿಕ್ಕಿತು. ಗೆದ್ದವನಂತೆ ಬಗಲಲ್ಲಿ ಹಿಡಿದು ಹೊರಬಿದ್ದೆ. ಮೇಸ್ತ್ರಿ ಗೇಟಿನವರೆಗೆ ಬಂದರು. ಅವರ ಮುಖದಲ್ಲಿ ಬೇಸರವಿದ್ದರೆ ನನಗೆ ಕಾಣಲಿಲ್ಲ. "ಮಳೆಗಾಲ, ಅವಸರದಲ್ಲಿ ಪಾಲಿಶ್ ಹಾಕಬೇಡ. ಮರ ಒಣಗಲಿ. ಕುತ್ತಿಗೆ ಕೂರಿಸುವಾಗ ನನ್ನನ್ನು ಕರಿ" ಎಂದರು. ಶೇಠ್‌ನನ್ನು ಹೇಗೆ ಬಗ್ಗಿಸಿದೆ ನೋಡಿ ಎಂದು ನಾನು ಬೀಗಿದೆ. ಅವರು, "ಹೌದು ಮಾರಾಯ" ಎಂದರು.

ಆ ಎರಡು ತಿಂಗಳು ನರಕ. ಕುತ್ತಿಗೆಯನ್ನು ಮೇಸ್ತ್ರಿಯೇ ಎರಡು ಭಾನುವಾರ ನಮ್ಮ ಮನೆಗೆ ಬಂದು ಕೂರಿಸಿಕೊಟ್ಟರು, ಪಾಲಿಶ್ ಅವರೇ ಉಜ್ಜಿದರು. ಮನೆ ತುಂಬ ಅರಗಿನ ವಾಸನೆ. ಬಲಗೈಯ ಬೆರಳು ತಂತಿಯ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಹದಿನೈದು ವರ್ಷ ನುಡಿಸಿದ ಹಾಡು ಬಾಲವಾಡಿಯ ಮಗು ನುಡಿಸಿದ ಹಾಗೆ ಬರುತ್ತಿತ್ತು. ಎರಡು ಸಲ ಅದನ್ನು ಕಿಟಕಿಯಿಂದ ಎಸೆಯಲು ಹೋದೆ, ಹೆಂಡತಿ ಕಸಿದುಕೊಂಡಳು. ಕೊನೆಗೆ ನವರಾತ್ರಿಯ ಹಿಂದಿನ ವಾರ ಮಾಲೀಕರ ಮುಂದೆ ಕುಳಿತು ಬರೀ ಹಿಮ್ಮೇಳ ನುಡಿಸಿದೆ. ತಪ್ಪಿದೆ, ಮತ್ತೆ ಹಿಡಿದೆ. ಅವರು ಕಣ್ಣೊರೆಸಿಕೊಂಡು, "ಇರು" ಎಂದರು. ನನ್ನ ಜಾಗ ಉಳಿಯಿತು.

ದಸರೆಯ ಮಾರನೇ ದಿನ ಪೇಡೆಯ ಡಬ್ಬ ಹಿಡಿದು ಕಾರ್ಖಾನೆಗೆ ಹೋದೆ. ಮೇಸ್ತ್ರಿಯ ಮಣೆಯಲ್ಲಿ ಬೇರೆ ಯಾರೋ. ಮೇಸ್ತ್ರಿ ಹಿಂದಿನ ಮೂಲೆಯಲ್ಲಿ ಬಾಡಿಗಳಿಗೆ ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಪಾಲಿಶ್ ಮಾಡುವ ವಿಜಯಪುರದ ಕಡೆಯ ಹೆಂಗಸು ನನ್ನನ್ನು ಕಂಡವಳೇ ಕೈಯಲ್ಲಿದ್ದ ಬಟ್ಟೆ ಎಸೆದಳು.

"ಬಂದ್ರೇನ್ರಿ? ಅವತ್ತ ಶೇಠ್ ಮುಂದ ಕೈ ನಡಗತೈತಿ ಅಂದ್ರಲ್ಲ, ಅದ ಆತ ನೋಡ್ರಿ. ಅದ ದಿನಾ ಸಂಜೀಗೆ ಉಳಿ ಕಸಗೊಂಡ ಪ್ಯಾಕಿಂಗಿಗೆ ಹಾಕ್ಯಾರ. ಅವರ ಕೈ ಎಲ್ಲಿ ನಡಗತಿತ್ರಿ? ನಾ ಕಣ್ಣಾರೆ ನೋಡೇನಿ. ಊಟಕ್ಕ ಎಲ್ಲಾರೂ ಹೊರಗ ಹೋದ ಮ್ಯಾಲೆ, ಮುಂದಿನ ಮೈಗೆ ಗೀರು ಬೀಳಬಾರದು ಅಂತ ಕೆಳಗ ಬಟ್ಟಿ ಹಾಸಿ, ಹಿಂದ ಜಾಗಾ ಹುಡಿಕಿ ಹುಡಿಕಿ ಉಳಿ ಹಚ್ಚಿದ್ರು. ಯಾಕ್ರಿ ಅಂದ್ರ, ಸುಮ್ಮನಿರು ತಂಗಿ ಅಂದ್ರು."

ಡಬ್ಬ ಕೈಯಿಂದ ಬಿದ್ದು ಪೇಡೆಗಳು ಹೊಟ್ಟಿನಲ್ಲಿ ಉರುಳಿದವು. ಥೂ ನನ್ನ ಬಾಳಿಗೆ! ಮೇಸ್ತ್ರಿಯ ಹತ್ತಿರ ಹೋಗಿ, "ನಾ ಈಗಲೇ ಶೇಠ್‌ಗೆ ಎಲ್ಲಾ ಹೇಳತೀನ್ರಿ" ಎಂದೆ. ಅವರು ನನ್ನ ತೋಳು ಹಿಡಿದರು. ಆ ಹಿಡಿತ ಕಬ್ಬಿಣದ ಹಾಗಿತ್ತು. "ಎಂತ ಹೇಳ್ತಿ? ಕೈ ನಡುಗಿ ಹಾಳು ಮಾಡಿದ ಅಂದ್ರೆ ಪ್ಯಾಕಿಂಗ್. ಬೇಕಂತಲೇ ಹಾಳು ಮಾಡಿದ ಅಂದ್ರೆ ಕಳ್ಳ. ಈ ವಯಸ್ಸಿನಲ್ಲಿ ನನ್ನನ್ನು ಕಳ್ಳ ಮಾಡಬೇಡ ಮಾರಾಯ."

ಹೇಳಿದರೂ ತಪ್ಪು, ಬಿಟ್ಟರೂ ತಪ್ಪು. ಕ್ಷಮಿಸಿ ಎಂದೆ. ಹಾಗೆಂದೆನೋ, ಬರೀ ಅಂದುಕೊಂಡೆನೋ… ಈಗ ನನಗೇ ಖಾತ್ರಿಯಿಲ್ಲ. ಅವರು ಕೇಳಿದ್ದು, "ಮೇಲಿನ ಸ್ವರ ಸರಿ ಬರ್ತದಾ?" ಎಂದು.

ಆಮೇಲೆ ಹೋಗುವುದು ಕಡಿಮೆಯಾಯಿತು. ನಾಚಿಕೆ. ವರ್ಷಕ್ಕೆ ಒಂದೆರಡು ಸಲ ಅವರ ಚಾಳಿನ ಮನೆಗೆ ಹೋಗಿ ಬರುತ್ತಿದ್ದೆ, ಅವರ ಹೆಂಡತಿಗೆ ನಾನು ಯಾರೋ ಆರ್ಕೆಸ್ಟ್ರಾದವ, ಅಷ್ಟೇ. ಮೂರನೆಯ ವರ್ಷ ನೋಡಿದಾಗ ಮೇಸ್ತ್ರಿ ಚಹಾದ ಬಟ್ಟಲು ಎತ್ತಿದರು, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಕೈ ನಡುಗುತ್ತಿತ್ತು. ಉಳಿ ಹಿಡಿಯದ ಕೈ, ಕಾಗದ ಸುತ್ತಿ ಸುತ್ತಿ, ನಿಜವಾಗಿಯೂ ನಡುಗಲು ಕಲಿತಿತ್ತು. ಅವರು ನನ್ನತ್ತ ನೋಡಿ ನಕ್ಕರು. ಆ ನಗುವನ್ನು ನೋಡಿದ ಮೇಲೆ ನಾನು ಹೋಗಲೇ ಇಲ್ಲ.

ಎರಡು ವರ್ಷದ ಹಿಂದೆ ಅವರು ತೀರಿಹೋದರೆಂದು ತಿಳಿದದ್ದು ಹನ್ನೆರಡನೇ ದಿನ ಕಳೆದ ಮೇಲೆ. ಹೋದೆ. ಅವರ ಹೆಂಡತಿ ನೆಲದ ಮೇಲೆ ಕುಳಿತಿದ್ದರು. ಮೇಸ್ತ್ರಿಯಂಥ ಕೆಲಸಗಾರ ಇನ್ನು ಹುಟ್ಟುವುದಿಲ್ಲ ಎಂದು ನಾನು ಏನೇನೋ ಹೇಳುತ್ತಿದ್ದೆ. ಅವರು ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು:

"ಹೌದು. ಅಷ್ಟು ವರ್ಷದಲ್ಲಿ ಒಂದೇ ಒಂದು ಹಾಳಾದದ್ದಂತೆ, ಒಂದು ಎಡಗೈಯ ಗಿಟಾರ್. ಕೈ ಜಾರಿತು ಅಂತ ಕೊನೆಯವರೆಗೂ ಹೇಳ್ತಿದ್ರು. ತಗೊಂಡವರು ಯಾರೋ ಪಾಪ, ಹಾಳಾದದ್ದನ್ನೇ ನುಡಿಸಬೇಕಾಯ್ತಲ್ಲ. ನಿಮ್ಮ ಲೈನಿನವರೇ ಅಲ್ವಾ, ಎಲ್ಲಾದರೂ ಸಿಕ್ಕಿದರೆ ಹೇಳಿ, ಇವರು ಬೇಕಂತ ಮಾಡಿದ್ದಲ್ಲ, ಮನಸ್ಸಿನಲ್ಲಿ ಇಟ್ಕೊಳ್ಳಬೇಡಿ ಅಂತ."

"ಹೇಳತೀನ್ರಿ" ಎಂದೆ. ಚಪ್ಪಲಿ ಹಾಕಿಕೊಂಡು ಇಳಿದುಬಂದೆ.

ಕಾರ್ಖಾನೆ ಈಗ ಇಲ್ಲ, ಶೇಠ್ ಕೂಡ ಇಲ್ಲ. ಇನ್ನು ಯಾರೂ ಮೇಸ್ತ್ರಿಯನ್ನು ಕಳ್ಳ ಎನ್ನುವಂತಿಲ್ಲ. ಅವರ ಹೆಂಡತಿ ಅದೇ ಚಾಳಿನಲ್ಲಿದ್ದಾರೆ, ಕನ್ನಡ ಪತ್ರಿಕೆ ಅಕ್ಷರ ಬಿಡದೆ ಓದುತ್ತಾರೆಂದು ಕೇಳಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ಎರಡು ವರ್ಷದಲ್ಲಿ ಬರಲಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಅಮ್ಮಾ, ನೀವು ಹೇಳಿಕಳಿಸಿದ ಮಾತು ಅವತ್ತೇ ತಲುಪಿತು. ಅದನ್ನು ತಗೊಂಡವನು ನಾನೇ. ನಿಮ್ಮ ಯಜಮಾನರ ಕೈ ಜಾರಲಿಲ್ಲ, ಬೇಕಂತಲೇ ಮಾಡಿದರು, ನನಗಾಗಿ ಮಾಡಿದರು. ಕೈ ನಡುಗುತ್ತದೆ ಎಂದು ಎಲ್ಲರೆದುರು ಕೂಗಿದವನೂ ನಾನೇ.